ಪಾಚಿ ಬೆರೆಸಿದ ದ್ರಾಕ್ಷಾರಸ ಟಾನಿಕ್ ಆದೀತೇ?



ಬಾಣಂತಿಗೂ ರಕ್ತ ಕಡಿಮೆಯಿರುವವರಿಗೂ ಶಕ್ತಿ ಬರಲೆಂದು ಸ್ವಲ್ಪ ವೈನ್ ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಅದಕ್ಕೆ ಸ್ಪಿರುಲಿನಾ ಪುಡಿ ಬೆರೆಸಿದರೆ ಇನ್ನೂ ಒಳ್ಳೆಯದಲ್ಲವೇ? ನಾವು ಇದನ್ನು ವಿಚಾರ ಮಾಡಿ ನೋಡೋಣ.

ಸ್ಪಿರುಲಿನಾ ಎಂದರೇನು?
ಇದು ಅತಿ ಸೂಕ್ಷ್ಮವಾದ ನೀಲಿ-ಹಸಿರು ಪಾಚಿ. ಒಣಪುಡಿಯಲ್ಲಿ ಸುಮಾರು ಶೇಕಡಾ 60ರಷ್ಟು ಸಸಾರಜನಕವಿದೆ, ಕಬ್ಬಿಣಾಂಶವೂ ಇದೆ. ಆಫ್ರಿಕಾದ ಚಾಡ್ ಸರೋವರದ ಸುತ್ತಲಿನ ಜನರು ಇದನ್ನು ಮರಳಿನ ಮೇಲೆ ಒಣಗಿಸಿ 'ದಿಹೆ' ಎಂಬ ಬಿಲ್ಲೆ ಮಾಡುತ್ತಾರೆ. ಅದನ್ನು ಸಾರಿಗೆ ಹಾಕಿ ಸಜ್ಜೆಯ ಮುದ್ದೆಯೊಂದಿಗೆ ಉಣ್ಣುತ್ತಾರೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳೂ ಇದನ್ನು ಬೆಳೆಸಿ ಆಹಾರದಲ್ಲಿ ಬಳಸುವ ಬಗೆಗಳನ್ನು ಅಭ್ಯಸಿಸಿದ್ದಾರೆ.

ವೈನಿನಲ್ಲಿ ಏನಾಗುತ್ತದೆ?
ದ್ರಾಕ್ಷಿರಸ ಹುಳಿಯುವಾಗ ಯೀಸ್ಟಿಗೆ ಸಕ್ಕರೆಯೊಂದಿಗೆ ಸಾರಜನಕವೂ ಬೇಕು. ಪಾಚಿಯಿಂದ ಅದು ಸ್ವಲ್ಪ ಸಿಕ್ಕೀತು, ಪರಿಮಳವೂ ಬದಲಾದೀತು. ಆದರೆ ಪೋಷಣೆಯ ಮಾತು ಬೇರೆ. ನಿಂಬೆ ಹಿಂಡಿದ ಹಾಲು ಒಡೆಯುವಂತೆ, ವೈನಿನ ಹುಳಿ ಮತ್ತು ಒಗರಿಗೆ ಪಾಚಿಯ ಸಸಾರಜನಕದ ಬಹುಪಾಲು ಗಸಿಯಾಗಿ ತಳಕ್ಕಿಳಿಯುತ್ತದೆ. ತಿಳಿಯನ್ನು ಕುಡಿದು ಗಸಿಯನ್ನು ಚೆಲ್ಲಿದರೆ ಪೌಷ್ಟಿಕಾಂಶವನ್ನೇ ಚೆಲ್ಲಿದಂತೆ.

ಮೇಲಾಗಿ, ಅನ್ನದಲ್ಲಿರುವ ಬಿ-1 ಮತ್ತು ಫೋಲಿಕ್ ಆಮ್ಲವನ್ನು ದೇಹ ಹೀರಿಕೊಳ್ಳಲು ಮದ್ಯಸಾರ ಅಡ್ಡಿ ಮಾಡುತ್ತದೆ. ಆರೋಗ್ಯಕ್ಕೆ ಸುರಕ್ಷಿತವೆನ್ನುವ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಗರ್ಭಿಣಿಯರಿಗೆ, ಎದೆಹಾಲೂಡಿಸುವ ತಾಯಂದಿರಿಗೆ, ಮಕ್ಕಳಿಗೆ ಇದು ಬೇಡವೇ ಬೇಡ.

ಒಂದು ಲೆಕ್ಕ
3 ಗ್ರಾಂ ಸ್ಪಿರುಲಿನಾದಲ್ಲಿ ಸಸಾರಜನಕ 2 ಗ್ರಾಮಿಗಿಂತ ಕಡಿಮೆ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ. 30 ಗ್ರಾಂ ಹುರುಳಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಹುರುಳಿ ನಮ್ಮ ಹೊಲದಲ್ಲೇ ಬೆಳೆಯುತ್ತದೆ.

ನೆನಪಿಡಿ
1. ಕೆರೆ, ತೊಟ್ಟಿಗಳ ಹಸಿರು ಪಾಚಿಯನ್ನು ಸ್ಪಿರುಲಿನಾ ಎಂದು ತಿಳಿದು ತಿನ್ನಬಾರದು. ಕೆಲವು ಪಾಚಿಗಳ ವಿಷ ಯಕೃತ್ತನ್ನು ಕೆಡಿಸುತ್ತದೆ. ಅಂಥ ನೀರನ್ನು ದನಕರುಗಳಿಗೂ ಕುಡಿಸಬಾರದು.
2. ನಂಬಿಕೆಯ ಕಡೆಯಿಂದ ತಂದ ಸ್ಪಿರುಲಿನಾ ಪುಡಿಯಿದ್ದರೆ ಚಟ್ನಿಗೋ ಮಜ್ಜಿಗೆಗೋ ಬೆರೆಸಿರಿ.
3. ಸುಸ್ತು, ಮುಖ ಬಿಳಿಚಿಕೊಳ್ಳುವುದು ಕಂಡರೆ ಮೊದಲು ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ.

ಬಲಿಪೂಜೆಯ ದ್ರಾಕ್ಷಾರಸ ದ್ರಾಕ್ಷಿಯದೇ, ಶುದ್ಧವಾದುದೇ ಆಗಿರಬೇಕೆಂದು ಧರ್ಮಸಭೆಯ ಕಾನೂನಿನ 924ನೇ ವಿಧಿ ಹೇಳುತ್ತದೆ. ಆ ಪಾತ್ರೆಯ ಸ್ಥಾನ ಪೀಠದ ಮೇಲೆ. ಬಾಣಂತಿಯ ಶಕ್ತಿಗೆ ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ, ಒಂದು ಮೊಟ್ಟೆ ಇರಲಿ.