ಆರು ಗಂಟೆಯ ಊಟ

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನಮ್ಮವರ ನಾಲ್ಕು ಸಂಸಾರ ಒಂದು ಕಡೆ ಸೇರಿದರೆ ಸಾಕು, ಒಂದು ಮಾತು ಬಂದೇ ಬರುತ್ತದೆ: ‘ಡಚ್ಚರಿಗೆ ಅಡುಗೆ ಅನ್ನೋದೇ ಗೊತ್ತಿಲ್ಲ.’ ನಿನ್ನೆ ಮೊನ್ನೆ ಬಂದವರಷ್ಟೇ ಅಲ್ಲ, ಮಕ್ಕಳನ್ನು ಇಲ್ಲಿನ ಶಾಲೆಯಲ್ಲೇ ಓದಿಸಿದವರೂ ಹೀಗೆನ್ನುತ್ತಾರೆ. ಇಟಲಿಯವರು, ಟರ್ಕಿಯವರು ಕೂಡ ತಲೆಯಾಡಿಸುತ್ತಾರೆ. ಬೇಯಿಸಿದ ಆಲೂಗಡ್ಡೆ, ತಣ್ಣನೆಯ ಬ್ರೆಡ್ಡು, ಒಂದು ಬಿಲ್ಲೆ ಚೀಸು, ಅಲ್ಲಿಗೆ ಮುಗಿಯಿತು ಎಂಬುದು ಎಲ್ಲರ ತೀರ್ಪು. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಪಕ್ಕದ ಮನೆಯ ಹಿರಿಯರೊಬ್ಬರ ಅಡುಗೆಮನೆಯಲ್ಲಿ ನಿಂತು ಕಲಿತದ್ದು, ಅವರ ಮೇಜಿನಲ್ಲಿ ಕೂತು ಉಂಡದ್ದು ನನ್ನನ್ನು ಹೀಗೆ ಹೇಳುವಂತೆ ಮಾಡಿದೆ.

ಹೊರಗಿನವರ ತೀರ್ಪು ಹುಟ್ಟುವುದು ಮಧ್ಯಾಹ್ನದ ಹೊತ್ತಿನಲ್ಲಿ. ಡಚ್ಚರ ಮನೆಗಳಲ್ಲಿ ದಿನಕ್ಕೆ ಒಂದೇ ಬಿಸಿ ಊಟ, ಅದೂ ಸಂಜೆ ಆರರ ಆಸುಪಾಸಿಗೆ. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನವೂ ಬ್ರೆಡ್ಡು. ಮೂರು ಹೊತ್ತೂ ಒಲೆ ಹಚ್ಚುವ ನಾಡಿನಿಂದ ಬಂದವರು ಕಚೇರಿಯಲ್ಲಿ ನೋಡುವುದು ಡಬ್ಬಿಯಿಂದ ಹೊರಬರುವ ಎರಡು ಹೋಳು ಬ್ರೆಡ್ಡು ಮತ್ತು ಒಂದು ಲೋಟ ಹಾಲು ಅಥವಾ ಕರ್ನೆಮೆಲ್ಕ್ ಎಂಬ ಹುಳಿ ಮಜ್ಜಿಗೆ. ಬೀದಿಗೆ ಬಂದರೆ ಕರಿದ ಆಲೂಗಡ್ಡೆ, ಕ್ರೊಕೆಟ್, ಈರುಳ್ಳಿ ಉದುರಿಸಿದ ಹೆರಿಂಗ್ ಮೀನು. ಹೋಟೆಲು ಹುಡುಕಿದರೆ ಇಟಲಿಯದು, ಥಾಯ್ಲೆಂಡಿನದು, ಇಂಡೋನೇಷ್ಯಾದ್ದು. ಡಚ್ಚರ ಮನೆಯಡುಗೆ ಹೋಟೆಲಿಗೆ ಬಂದದ್ದೇ ಕಡಿಮೆ. ಅದು ಬೇಯುವ ಹೊತ್ತಿಗೆ ನಾವು ನಮ್ಮ ನಮ್ಮ ಮನೆ ಸೇರಿರುತ್ತೇವೆ.

ನಮ್ಮ ಪಕ್ಕದ ಮನೆಯವರಿಗೆ ಎಂಬತ್ತು ದಾಟಿದೆ. ನಾವು ಅವರನ್ನು ‘ಮೆವ್ರಾವ್’ ಎಂದು ಕರೆಯುತ್ತೇವೆ, ನನ್ನ ಮಕ್ಕಳಿಗೆ ಅವರು ‘ಓಮಾ’, ಅಂದರೆ ಅಜ್ಜಿ. ಒಂದು ಚಳಿಗಾಲ ಹಾದಿಯೆಲ್ಲ ಮಂಜುಗಟ್ಟಿದ್ದಾಗ ಅವರಿಗೆ ತರಕಾರಿ ತಂದುಕೊಡುತ್ತಿದ್ದೆ. ‘ತಂದವರು ತಿನ್ನಲೂ ಬೇಕು, ನಾಳೆ ಆರಕ್ಕೆ ಬನ್ನಿ’ ಎಂದರು.

ಅವರಿಂದ ಕಲಿತ ಮೊದಲ ಪಾಠ ಆಲೂಗಡ್ಡೆಯದು. ನಾನು ಹಾಸನದ ಕಡೆಯವಳು. ಮುಂಗಾರು ಕಾಲಿಡುವ ಹೊತ್ತಿಗೆ ಬಿತ್ತನೆ ಗಡ್ಡೆ ಕತ್ತರಿಸುತ್ತ ಕೂರುವ ಮನೆಯಲ್ಲಿ ಬೆಳೆದೆ. ನಮ್ಮ ಸಂತೆಯಲ್ಲಿ ಗಡ್ಡೆಯನ್ನು ದಪ್ಪ, ಸಣ್ಣ, ಹೊಸದು, ಹಳೆಯದು ಎಂದು ವಿಂಗಡಿಸುತ್ತೇವೆ. ಇಲ್ಲಿ ಚೀಲದ ಮೇಲೆ ಬರೆದಿರುವುದು ಬೇರೆಯದೇ: ಬೆಂದ ಮೇಲೆ ಈ ಗಡ್ಡೆ ಗಟ್ಟಿಯಾಗಿ ನಿಲ್ಲುತ್ತದೆಯೋ, ಹಿಟ್ಟುಹಿಟ್ಟಾಗಿ ಒಡೆಯುತ್ತದೆಯೋ ಎಂಬುದು. ಹುರಿಯಲು ಒಂದು, ಹಿಸುಕಲು ಇನ್ನೊಂದು. ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಶಾಲಾ ಮೇಷ್ಟ್ರೊಬ್ಬರು 20ನೇ ಶತಮಾನದ ಆರಂಭದಲ್ಲಿ ಬೆಳೆಸಿದ ತಳಿಯೊಂದಕ್ಕೆ ತಮ್ಮ ವಿದ್ಯಾರ್ಥಿನಿಯ ಹೆಸರನ್ನೇ ಇಟ್ಟರು. ಆ ‘ಬಿಂಟ್ಯೆ’ ಆಮೇಲೆ ಯೂರೋಪಿನಾದ್ಯಂತ ಹರಡಿತು. ಪ್ರಪಂಚಕ್ಕೆ ಅತಿ ಹೆಚ್ಚು ಬಿತ್ತನೆ ಆಲೂಗಡ್ಡೆ ರಫ್ತು ಮಾಡುವ ದೇಶವೂ ಇದೇ. ಗಡ್ಡೆಯ ಗುಣ ಇಷ್ಟು ಬಲ್ಲ ಜನ ಅದನ್ನು ಬರೀ ಉಪ್ಪು ಹಾಕಿ ಬೇಯಿಸಿದರೆ, ಅದರ ಸ್ವಂತ ರುಚಿಯ ಮೇಲೆ ಅವರಿಗೆ ಅಷ್ಟು ನಂಬಿಕೆಯಿದೆ ಎಂದೇ ನಾನು ತಿಳಿಯುತ್ತೇನೆ.

ಅವರು ಅಂದು ಮಾಡಿದ್ದು ಕೇಲ್ ಸೊಪ್ಪಿನ ಸ್ಟಾಂಪಾಟ್. ಸುಲಿದ ಗಡ್ಡೆ ಪಾತ್ರೆಯ ತಳಕ್ಕೆ, ಅದರ ಮೇಲೆ ಸಣ್ಣಗೆ ಹೆಚ್ಚಿದ ಸೊಪ್ಪು, ಸ್ವಲ್ಪವೇ ನೀರು, ಉಪ್ಪು, ಎಲ್ಲಕ್ಕೂ ಮೇಲೆ ಹೊಗೆಯಲ್ಲಿ ಒಣಗಿಸಿದ ಸಾಸೇಜು. ಮುಚ್ಚಳ ಮುಚ್ಚಿದರೆ ಮೂರೂ ಒಂದೇ ಉರಿಯಲ್ಲಿ ಆಗುತ್ತವೆ. ಬೆಂದ ಮೇಲೆ ನೀರು ಬಸಿದು, ಬಿಸಿ ಹಾಲು, ಬೆಣ್ಣೆ, ಒಂದಿಷ್ಟು ಸಾಸಿವೆ ಸಾಸು ಸೇರಿಸಿ ಹಿಸುಕಿದರು. ಕೊನೆಗೆ ಜಾಯಿಕಾಯಿ ತೇಯ್ದರು. ತಟ್ಟೆಗೆ ಬಡಿಸಿ, ನಾವು ಅನ್ನದ ನಡುವೆ ಸಾರಿಗೆ ಗುಂಡಿ ಮಾಡುವ ಹಾಗೆ, ಚಮಚದ ಬೆನ್ನಿನಿಂದ ಗುಂಡಿ ಒತ್ತಿ ಮಾಂಸ ಹುರಿದ ರಸ ಸುರಿದರು. ಸೊಪ್ಪಿನ ನಸುಗಹಿ, ಗಡ್ಡೆಯ ಸಿಹಿ, ಸಾಸೇಜಿನ ಹೊಗೆ, ಸಾಸಿವೆಯ ಚುರುಕು, ಒಂದೊಂದೂ ನಾಲಿಗೆಗೆ ಬೇರೆಬೇರೆಯಾಗಿ ಸಿಕ್ಕಿತು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ಅಂಥ ಸಂಜೆಗೆ ಇದಕ್ಕಿಂತ ಹದವಾದ ಊಟ ನನಗೆ ತೋಚುವುದಿಲ್ಲ. ಒಮ್ಮೆ ಹಿಮ ಬಿದ್ದ ಮೇಲೆಯೇ ಕೇಲ್ ತಿನ್ನಬೇಕು ಎನ್ನುತ್ತಾರೆ ಮೆವ್ರಾವ್. ಚಳಿ ತಡೆಯಲು ಗಿಡ ತನ್ನಲ್ಲಿ ಸಕ್ಕರೆ ಹೆಚ್ಚಿಸಿಕೊಳ್ಳುವುದರಿಂದ ಸೊಪ್ಪಿನ ಕಹಿ ತಗ್ಗುತ್ತದೆ. ಇದೇ ಸ್ಟಾಂಪಾಟನ್ನು ಜುಲೈ ತಿಂಗಳಲ್ಲಿ ಪ್ರವಾಸಿಗರ ಹೋಟೆಲಿನಲ್ಲಿ ತಿಂದು ಮುಖ ಸಿಂಡರಿಸಿದವರ ಮಾತಿಗೆ ನಾನು ಬೆಲೆ ಕೊಡಲಾರೆ.

‘ಮಸಾಲೆಗಾಗಿ ಪ್ರಪಂಚವನ್ನೇ ಸುತ್ತಿದರು, ತಮ್ಮ ಅಡುಗೆಗೆ ಮಾತ್ರ ಹಾಕಲಿಲ್ಲ’ ಎಂಬ ಮಾತೂ ಬಹಳ ಚಲಾವಣೆಯಲ್ಲಿದೆ. ಮೊದಲರ್ಧ ನಿಜ, ಅದೂ ಕ್ರೂರವಾಗಿ ನಿಜ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ 1621ರಲ್ಲಿ ಇಂದಿನ ಇಂಡೋನೇಷ್ಯಾದ ಬಾಂದಾ ದ್ವೀಪಗಳ ಬಹುಪಾಲು ಜನರನ್ನು ಕೊಂದಿತು, ಗುಲಾಮರನ್ನಾಗಿಸಿತು, ಇಲ್ಲವೇ ಓಡಿಸಿತು. ಜಾಯಿಕಾಯಿ ತೇಯುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ನೆನಪಾಗಬೇಕು ಕೂಡ. ಮಾತಿನ ಎರಡನೆಯ ಅರ್ಧ ಮಾತ್ರ ಸುಳ್ಳು. 1667ರಲ್ಲಿ ಅಚ್ಚಾದ ‘ದೆ ವರ್ಸ್ಟಾಂಡಿಗೆ ಕೊಕ್’ ಎಂಬ ಅಡುಗೆ ಪುಸ್ತಕದಲ್ಲಿ ಶುಂಠಿ, ಚಕ್ಕೆ, ಜಾಪತ್ರೆ, ಕೇಸರಿ ಧಾರಾಳವಾಗಿವೆ. ಇವತ್ತಿಗೂ ಹೂಕೋಸಿನ ಮೇಲೆ ಜಾಯಿಕಾಯಿ ಬೀಳುತ್ತದೆ. ಸೇಬು ಸೇರಿಸಿ ಬೇಯಿಸುವ ಕೆಂಪು ಎಲೆಕೋಸಿಗೆ ಲವಂಗ ಬೇಕು. ಹಶೇ ಎಂಬ ಈರುಳ್ಳಿ ಮಾಂಸದ ಅಡುಗೆಗೆ ಲವಂಗ, ಬೇ ಎಲೆ, ವಿನಿಗರ್ ಬೇಕು. ಲೈಡನ್ ಚೀಸಿನಲ್ಲಿ ಜೀರಿಗೆ, ಫ್ರೀಸ್‌ಲ್ಯಾಂಡಿನ ಚೀಸಿನಲ್ಲಿ ಲವಂಗ. ಡಿಸೆಂಬರ್ 5ರ ಸಿಂಟರ್‌ಕ್ಲಾಸ್ ಹಬ್ಬಕ್ಕೆ ಬೇಯುವ ಸ್ಪೆಕ್ಯುಲಾಸ್ ಬಿಸ್ಕತ್ತಿನ ಘಮ ಇಡೀ ಬೀದಿಗೆ ಬರುತ್ತದೆ. ಇಲ್ಲದಿರುವುದು ಖಾರ. ನಾವು ಖಾರವನ್ನು ಹುಡುಕುತ್ತೇವೆ, ಸಿಗದಿದ್ದಾಗ ಮಸಾಲೆಯೇ ಇಲ್ಲ ಎನ್ನುತ್ತೇವೆ.

ಹಾಗಾದರೆ ಈ ಅಡುಗೆ ಇಷ್ಟು ಸರಳವಾದದ್ದು ಹೇಗೆ? 19ನೇ ಶತಮಾನದ ಕೊನೆಗೆ ಹೇಗ್, ಆಮ್‌ಸ್ಟರ್‌ಡ್ಯಾಂ ನಗರಗಳಲ್ಲಿ ಹೆಣ್ಣುಮಕ್ಕಳಿಗೆ ಅಡುಗೆ ಮತ್ತು ಮನೆವಾರ್ತೆ ಕಲಿಸುವ ಶಾಲೆಗಳು ಹುಟ್ಟಿದವು. ಕಡಿಮೆ ಖರ್ಚು, ಹೆಚ್ಚು ಪೌಷ್ಟಿಕತೆ, ಏನೂ ಹಾಳಾಗಬಾರದು ಎಂಬುದು ಅಲ್ಲಿನ ಪಾಠ. ಆಮ್‌ಸ್ಟರ್‌ಡ್ಯಾಮಿನ ಅಂಥ ಶಾಲೆಯ ವನ್ನೇ ಎಂಬ ಶಿಕ್ಷಕಿ 1910ರಲ್ಲಿ ಬರೆದ ಪುಸ್ತಕ ತಲೆಮಾರುಗಳ ಕಾಲ ಮನೆಮನೆಯಲ್ಲಿತ್ತು. ಮೆವ್ರಾವ್ ಬಳಿ ಅವರ ತಾಯಿಯ ಪ್ರತಿಯಿದೆ, ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನ ಲೆಕ್ಕಗಳಿವೆ. ತಲೆಗೆ ಇಷ್ಟು ಗಡ್ಡೆ, ಇಷ್ಟು ಮಾಂಸ ಎಂಬ ಲೆಕ್ಕ.

ವಿದೇಶಿಯರು ಜಿಪುಣತನ ಎಂದು ಹೆಸರಿಡುವುದು ಈ ಲೆಕ್ಕಕ್ಕೇ. ಊಟದ ಹೊತ್ತಿಗೆ ಬಂದವರನ್ನು ಕೂರಿಸಿ ಉಣ್ಣಿಸುವುದಿಲ್ಲ, ಕಾಫಿಯ ಜೊತೆ ಒಂದೇ ಬಿಸ್ಕತ್ತು ಕೊಡುತ್ತಾರೆ ಎಂಬ ದೂರು ನಾನೂ ಬಹಳ ಕೇಳಿದ್ದೇನೆ. ಆದರೆ ಈ ಲೆಕ್ಕದ ಹಿಂದೆ ಹಸಿವಿನ ನೆನಪೂ ಇದೆ. ಮೆವ್ರಾವ್ ಹುಟ್ಟಿದ್ದು ಪಶ್ಚಿಮದ ಹಾರ್ಲೆಮ್‌ನಲ್ಲಿ. ಐಂಡ್‌ಹೋವನ್ 1944ರ ಸೆಪ್ಟೆಂಬರಿನಲ್ಲೇ ಜರ್ಮನ್ನರಿಂದ ಬಿಡುಗಡೆ ಹೊಂದಿತು. ಪಶ್ಚಿಮದ ನಗರಗಳಿಗೆ ಮಾತ್ರ 1944–45ರ ಚಳಿಗಾಲ ಹಸಿವಿನ ಕಾಲವಾಯಿತು, ಸುಮಾರು 20,000 ಜನ ಸತ್ತರು. ಜನ ಸಕ್ಕರೆ ಬೀಟ್‌ರೂಟನ್ನೂ ಟುಲಿಪ್ ಗಡ್ಡೆಯನ್ನೂ ಬೇಯಿಸಿ ತಿಂದರು. ಆಗ ಮೆವ್ರಾವ್ ಚಿಕ್ಕ ಮಗು. ಅಮ್ಮ ಟುಲಿಪ್ ಗಡ್ಡೆಯ ಒಳಗಿನ ಹಳದಿ ಮೊಳಕೆ ತೆಗೆದು ಬೇಯಿಸುತ್ತಿದ್ದರಂತೆ. ಪಾತ್ರೆಯ ಅಂಚನ್ನು ರಬ್ಬರಿನ ಸಟ್ಟುಗದಿಂದ ಕೆರೆದು ಕೊನೆಯ ಚೂರನ್ನೂ ತೆಗೆಯುವ ಅವರ ಕೈಯನ್ನು ನಾನು ಆಮೇಲೆ ಬೇರೆ ಕಣ್ಣಿನಿಂದ ನೋಡಿದೆ. ಎಣಿಸಿ ಗಡ್ಡೆ ಸುಲಿಯುವ ಮನೆಯಲ್ಲಿ, ಹೇಳದೆ ಬಂದವರಿಗೆ ಪಾಲಿರುವುದಿಲ್ಲ. ಹೇಳಿ ಕರೆದರೆ ನಿಮ್ಮ ಹೆಸರಿನ ಗಡ್ಡೆ ಪಾತ್ರೆಯಲ್ಲಿ ಇದ್ದೇ ಇರುತ್ತದೆ.

ನಮ್ಮ ಊರಿಗೆ ಅಂಟಿಕೊಂಡಂತೆಯೇ ನ್ಯೂನನ್ ಎಂಬ ಹಳ್ಳಿಯಿದೆ. ವ್ಯಾನ್ ಗೋ 1885ರಲ್ಲಿ ‘ಆಲೂಗಡ್ಡೆ ತಿನ್ನುವವರು’ ಚಿತ್ರ ಬರೆದದ್ದು ಅಲ್ಲೇ. ಒಂದೇ ದೀಪ, ನಡುವೆ ಒಂದೇ ತಟ್ಟೆ, ಎಲ್ಲರ ಮುಳ್ಳುಚಮಚವೂ ಅದಕ್ಕೇ. ಮಣ್ಣು ಅಗೆದ ಅದೇ ಕೈಗಳು ತಟ್ಟೆಗೆ ಇಳಿಯುತ್ತಿವೆ ಎಂಬುದನ್ನು ತೋರಿಸಲು ಬಯಸಿದ್ದೆನೆಂದು ಅವನು ತಮ್ಮನಿಗೆ ಬರೆದಿದ್ದ. ಹೊಲದ ಮನೆಯಲ್ಲಿ ಹುಟ್ಟಿದ ನನಗೆ ಆ ಚಿತ್ರ ದುಃಖದ್ದಾಗಿ ಕಾಣುವುದಿಲ್ಲ. ಗೇಯ್ದವರು ಗೇಯ್ದದ್ದನ್ನು ಉಣ್ಣುತ್ತಿದ್ದಾರೆ.

ಇನ್ನೊಂದು ವಿಷಯವನ್ನೂ ಹೊರಗಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಡೋನೇಷ್ಯಾದ ಅನ್ನದ ನಾಸಿ, ನೂಡಲ್ಸಿನ ಬಾಮಿ, ಖಾರದ ಸಂಬಾಲ್ ಇಲ್ಲಿನ ವಾರದ ಅಡುಗೆಯಲ್ಲಿ ಬೆರೆತುಹೋಗಿವೆ. 1873ರಲ್ಲಿ ‘ಲಲ್ಲಾ ರೂಖ್’ ಹಡಗಿನಿಂದ ಶುರುವಾಗಿ ಕೂಲಿಗೆಂದು ಆಗಿನ ಡಚ್ ವಸಾಹತು ಸುರಿನಾಮಿಗೆ ಹೋದ ಭಾರತೀಯರ ಮೊಮ್ಮಕ್ಕಳು, ಮರಿಮಕ್ಕಳು 1975ರ ಸುಮಾರಿಗೆ ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬಂದರು. ಅವರ ರೊಟ್ಟಿ ಅಂಗಡಿಗಳ ಮುಂದೆ ಡಚ್ಚರು ಸಾಲು ನಿಲ್ಲುತ್ತಾರೆ.

ಎಲ್ಲವೂ ನನಗೆ ರುಚಿಸುತ್ತದೆ ಎಂದಲ್ಲ. ಎರಡು ಹೊತ್ತು ತಣ್ಣನೆಯ ಬ್ರೆಡ್ಡು ನನ್ನ ಹೊಟ್ಟೆಗೆ ಒಪ್ಪಲಿಲ್ಲ, ಮಧ್ಯಾಹ್ನ ನಾನು ಅನ್ನವನ್ನೇ ಮಾಡುತ್ತೇನೆ. ಉಪ್ಪಿನ ‘ಡ್ರಾಪ್’ ಮಿಠಾಯಿ ಮಕ್ಕಳಿಗೆ ಪ್ರಾಣ, ನನಗೆ ಬೇಡ. ಇವು ನನ್ನ ನಾಲಿಗೆಯ ಮಾತು. ಒಂದು ಜನರ ಅಡುಗೆಯ ಬಗ್ಗೆ ತೀರ್ಪು ಕೊಡಲು ಇಷ್ಟು ಸಾಲದು.

ಈಗ ಹೊಸಬರು ಕೇಳಿದರೆ ನಾನು ತಿಂಗಳು ಹೇಳುತ್ತೇನೆ. ಮೇ ತಿಂಗಳಲ್ಲಿ ರೈತರ ಅಂಗಡಿಯಿಂದ ಬಿಳಿ ಆಸ್ಪರಾಗಸ್ ತಂದು ಬೆಣ್ಣೆ, ಬೆಂದ ಮೊಟ್ಟೆ, ಜಾಯಿಕಾಯಿಯೊಡನೆ ತಿನ್ನಿ. ಜೂನ್ 24 ದಾಟಿದರೆ ಕೊಯ್ಲು ನಿಲ್ಲುತ್ತದೆ. ಜೂನ್ ನಡುವಿಗೆ ಹೊಸ ಹೆರಿಂಗ್ ಬರುತ್ತದೆ. ಅಕ್ಟೋಬರ್ 3ಕ್ಕೆ ಲೈಡನ್‌ಗೆ ಹೋಗಿ. 1574ರಲ್ಲಿ ಮುತ್ತಿಗೆ ಹಾಕಿದ್ದ ಸ್ಪೇನಿನ ಸೈನಿಕರು ಓಡಿಹೋದ ದಿನವದು. ಅವರು ಬಿಟ್ಟುಹೋದ ಪಾತ್ರೆಯಲ್ಲಿ ಸಿಕ್ಕಿತೆಂಬ ಕಥೆಯಿರುವ ಹುಟ್ಸ್‌ಪಾಟ್ ಎಂಬ ಹಿಸುಕಿದ ತರಕಾರಿಯ ಅಡುಗೆಯನ್ನು ಊರಿಗೆ ಊರೇ ಉಣ್ಣುತ್ತದೆ. ಆಗ ಅದರಲ್ಲಿದ್ದದ್ದು ಪಾರ್ಸ್ನಿಪ್, ಆಲೂಗಡ್ಡೆ ಸೇರಿದ್ದು ಆಮೇಲೆ. ಕೇಲ್‌ಗೆ ಹಿಮ ಬೀಳುವವರೆಗೆ ಕಾಯಿರಿ. ಪಕ್ಕದ ಮನೆಯವರು ಆರಕ್ಕೆ ಕರೆದರೆ ಆರಕ್ಕೇ ಹೋಗಿ, ಏನು ತಿನ್ನುವುದಿಲ್ಲ ಎಂಬುದನ್ನು ಮೊದಲೇ ಹೇಳಿ. ಮಾಂಸ ತಿನ್ನದ ನನ್ನ ಗೆಳತಿ ಬಂದಾಗ ಮೆವ್ರಾವ್ ಸಾಸೇಜು ಬಿಟ್ಟು, ಹಸಿ ಎಂಡೈವ್ ಸೊಪ್ಪನ್ನು ಬಿಸಿ ಗಡ್ಡೆಗೆ ಕಲಸಿ, ಹಳೆಯ ಚೀಸಿನ ಚೂರು ಮತ್ತು ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ ಸೇರಿಸಿ ಬಡಿಸಿದರು. ಗೆಳತಿ ಎರಡನೆಯ ಸಲ ಹಾಕಿಸಿಕೊಂಡಳು.