ಶಸ್ತ್ರಚಿಕಿತ್ಸೆಯೂ ಶರೀರದ ತೂಕವೂ

ಹೊಟ್ಟೆಯ ಹರ್ನಿಯಾ, ಪಿತ್ತಕೋಶದ ಕಲ್ಲು, ಸವೆದ ಮೊಣಕಾಲು—ಇವುಗಳಲ್ಲಿ ಯಾವುದಾದರೊಂದಕ್ಕಾಗಿ ಹಿರೇಕೆರೂರಿನ ಕಡೆಯಿಂದ ಹಾವೇರಿಗೋ ದಾವಣಗೆರೆಗೋ ಹುಬ್ಬಳ್ಳಿಗೋ ಹೋದ ಸ್ಥೂಲಕಾಯರಿಗೆ, “ತೂಕ ಇಳಿಸಿಕೊಂಡು ಮೂರು ತಿಂಗಳ ಮೇಲೆ ಬನ್ನಿರಿ” ಎಂದು ಶಸ್ತ್ರವೈದ್ಯರು ಹೇಳಿ ಕಳುಹಿಸುವುದುಂಟು. ಊರಿಗೆ ಮರಳಿದವರಲ್ಲಿ ಕೆಲವರು ಎರಡೂವರೆ ತಿಂಗಳು ಆ ಮಾತನ್ನು ಮರೆತಿದ್ದು, ಕಡೆಯ ಹದಿನೈದು ದಿನಗಳಲ್ಲಿ ರೊಟ್ಟಿಯನ್ನೇ ಬಿಟ್ಟು ಉಪವಾಸ ಹಿಡಿಯುತ್ತಾರೆ. ಶಸ್ತ್ರಕ್ರಿಯೆ ಮುಗಿದ ಬಳಿಕ ಮನೆಯವರು ಪಥ್ಯವೆಂದು ಬರಿಯ ನುಚ್ಚಿನ ಗಂಜಿಯನ್ನು ಕುಡಿಸುತ್ತಾರೆ. ಹೇಗೂ ಮೈ ಕರಗಲಿ ಎಂಬ ಆಸೆಯೂ ಅದರ ಹಿಂದೆ ಇರಬಹುದು. ಈ ಎರಡು ಉಪವಾಸಗಳಲ್ಲಿಯೂ ಕರಗುವುದು ಕೊಬ್ಬು ಮಾತ್ರವಲ್ಲ. ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸಬೇಕಾದ ಸ್ನಾಯುವೂ ಕರಗುತ್ತದೆ. ಇದು ಹೇಗೆಂಬುದನ್ನು ತುಸು ವಿವರವಾಗಿ ನೋಡೋಣ.

ಮೊದಲು, ತೂಕವನ್ನು ಇಳಿಸುವುದಾದರೂ ಏತಕ್ಕೆ? ಚರ್ಮದ ಕೆಳಗಿನ ದಪ್ಪನೆಯ ಕೊಬ್ಬಿನ ಪದರಕ್ಕೆ ರಕ್ತದ ಸರಬರಾಯಿ ಕಡಮೆ. ಅಲ್ಲಿ ಮಾಡಿದ ಗಾಯಕ್ಕೆ ಆಮ್ಲಜನಕವೂ ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳೂ ಸಾಕಷ್ಟು ತಲಪುವುದಿಲ್ಲವಾಗಿ ಕೀವಾಗುವ ಸಂಭವ ಹೆಚ್ಚು. ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿದಾಗ ಹೊಟ್ಟೆಯ ಭಾರ ವಪೆಯನ್ನು ಮೇಲಕ್ಕೆ ಒತ್ತಿ ಶ್ವಾಸಕೋಶಗಳನ್ನು ಕುಗ್ಗಿಸುತ್ತದೆ. ಹರ್ನಿಯಾದಲ್ಲಿಯಂತೂ ಹೊಲಿದ ಹೊಟ್ಟೆಯ ಗೋಡೆಯನ್ನು ಒಳಗಿನ ಒತ್ತಡ ಹಗಲಿರುಳು ಎಳೆಯುತ್ತಿರುತ್ತದೆ. ಆದುದರಿಂದ ವೈದ್ಯರ ಸಲಹೆ ಯುಕ್ತವಾದುದೇ. ಆದರೆ ಇದು ಕಾಯಬಹುದಾದ ಶಸ್ತ್ರಕ್ರಿಯೆಗಳಿಗೆ ಮಾತ್ರ ಸಲ್ಲುವ ಮಾತು. ಸಿಕ್ಕಿಕೊಂಡು ಕಪ್ಪಾಗುತ್ತಿರುವ ಕರುಳು, ಕೆರಳಿದ ಅಪೆಂಡಿಕ್ಸ್, ಅರ್ಬುದ—ಇವು ತಕ್ಕಡಿಯನ್ನು ನೋಡುತ್ತ ಕುಳಿತಿರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಬ್ಬರ ತೂಕ 80 ಕಿಲೊಗ್ರಾಮ್, ಎತ್ತರ 160 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ 31ಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಭಾರತೀಯರಲ್ಲಿ ಈ ಸಂಖ್ಯೆ 25ನ್ನು ಮೀರಿದರೆ ಸ್ಥೂಲತೆ ಎಂದು ವೈದ್ಯರು ಗಣಿಸುತ್ತಾರೆ. ಶರೀರದ ಒಂದು ಕಿಲೊಗ್ರಾಮ್ ಕೊಬ್ಬಿನ ಸಂಚಯದಲ್ಲಿ ಸುಮಾರು 7,700 ಕೆಲೊರಿ ಶಕ್ತಿ ಅಡಗಿದೆ. ದಿನಕ್ಕೆ 500 ಕೆಲೊರಿಗಳನ್ನು ಕಡಮೆ ಮಾಡಿದರೆ ವಾರಕ್ಕೆ 3,500, ಅಂದರೆ ಅರ್ಧ ಕಿಲೊಗ್ರಾಮಿಗೆ ತುಸು ಕಡಮೆ. ಹನ್ನೆರಡು ವಾರಗಳಲ್ಲಿ ಐದು ಕಿಲೊಗ್ರಾಮ್ ಇಳಿದೀತು. ಶರೀರ ಹಗುರವಾದಂತೆ ಅದರ ಖರ್ಚೂ ಇಳಿಯುವುದರಿಂದ ವೇಗ ಕ್ರಮೇಣ ತಗ್ಗುತ್ತದೆ, ಅದಕ್ಕೆ ಎದೆಗುಂದಬೇಕಾಗಿಲ್ಲ. ಐದು ಕಿಲೊಗ್ರಾಮ್ ಅಲ್ಪವೆಂದು ತೋರಬಹುದಾದರೂ ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಹತೋಟಿಗೆ ತರಲು ಅದು ಎಷ್ಟೋ ನೆರವಾಗುತ್ತದೆ.

ಈ 500 ಕೆಲೊರಿಗಳನ್ನು ಎಲ್ಲಿ ಉಳಿಸುವುದು? ನಮ್ಮ ಅಭಿಪ್ರಾಯದಲ್ಲಿ ಜೋಳದ ರೊಟ್ಟಿಯ ಮೇಲೆ ಮುನಿಯುವುದು ಅವಿವೇಕ. ಎಣ್ಣೆಯ ಒಂದೊಂದು ಚಿಕ್ಕ ಚಮಚೆಯಲ್ಲಿ 45 ಕೆಲೊರಿಗಳಿವೆ. ಎಣ್ಣೆಗಾಯಿಯ ಬಟ್ಟಲಿನಲ್ಲಿ ತೇಲುವ ಎಣ್ಣೆಯನ್ನು ಮೊದಲು ನೋಡಬೇಕು. ಎರಡು ಚಮಚೆ ಸಕ್ಕರೆ ಹಾಕಿದ ಚಹದ ಐದು ಬಟ್ಟಲುಗಳಲ್ಲಿ ಸಕ್ಕರೆಯಿಂದಲೇ 200 ಕೆಲೊರಿಗಳು ಬರುತ್ತವೆ. ಸಂಜೆಯ ಮಿರ್ಚಿ-ಮಂಡಕ್ಕಿಯನ್ನು ವಾರಕ್ಕೊಮ್ಮೆಗೆ ಇಳಿಸಿದರೆ ಉಳಿದ ಲೆಕ್ಕ ಬಹುಮಟ್ಟಿಗೆ ತುಂಬುತ್ತದೆ.

ಅವಸರದಿಂದ ಇಳಿಸಿದರೇನು ಎಂದು ಕೇಳುವವರಿಗೆ ಪಿತ್ತಕೋಶವೇ ಉತ್ತರ ಕೊಡುತ್ತದೆ. ವಾರಕ್ಕೆ ಒಂದೂವರೆ ಕಿಲೊಗ್ರಾಮಿಗಿಂತ ವೇಗವಾಗಿ ತೂಕ ಇಳಿದಾಗ ಯಕೃತ್ತು ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟರಾಲನ್ನು ಸುರಿಯುತ್ತದೆ, ಊಟವಿಲ್ಲದ ಪಿತ್ತಕೋಶವು ಸರಿಯಾಗಿ ಸಂಕುಚಿಸದೆ ರಸ ಅಲ್ಲಿಯೇ ನಿಲ್ಲುತ್ತದೆ, ಕಲ್ಲು ಕಟ್ಟುತ್ತದೆ. ಮೊಣಕಾಲಿಗಾಗಿ ಉಪವಾಸ ಮಾಡಿ ಪಿತ್ತಕೋಶದ ಶಸ್ತ್ರಕ್ರಿಯೆಗೆ ಅಣಿಯಾದಂತಾಗಬಾರದಷ್ಟೆ! ಇದಕ್ಕೊಂದು ಅಪವಾದವಿದೆ. ಕೊಬ್ಬೇರಿ ಹಿಗ್ಗಿದ ಯಕೃತ್ತನ್ನು ಕುಗ್ಗಿಸಿ ಶಸ್ತ್ರವೈದ್ಯನಿಗೆ ಜಾಗ ಮಾಡಿಕೊಡಲು, ಕೆಲವು ಶಸ್ತ್ರಕ್ರಿಯೆಗಳಿಗೆ ಮುಂಚೆ ವೈದ್ಯರೇ ಎರಡು ವಾರಗಳ ಅಲ್ಪಾಹಾರವನ್ನು ವಿಧಿಸುವುದುಂಟು. ಅದು ಅಳೆದು ಕೊಟ್ಟ, ಸಸಾರಜನಕ ಸಾಕಷ್ಟಿರುವ ಆಹಾರ. ತಾನಾಗಿ ಹಿಡಿದ ಉಪವಾಸವಲ್ಲ. ಸಕ್ಕರೆರೋಗಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಿದರೆ ರಕ್ತದ ಸಕ್ಕರೆ ಕುಸಿದು ಪ್ರಾಣಾಪಾಯವೇ ಒದಗಬಹುದು.

ಶಸ್ತ್ರಕ್ರಿಯೆಯ ದಿನದ ಉಪವಾಸ ಬೇರೆಯ ವಿಷಯ. ಅರಿವಳಿಕೆಯಲ್ಲಿ ಜಠರದ ಆಹಾರ ಮೇಲಕ್ಕೆ ಬಂದು ಶ್ವಾಸಕೋಶವನ್ನು ಹೊಕ್ಕರೆ ಅಪಾಯ. ಇದನ್ನು ಅಮೆರಿಕದ ಮೆಂಡಲ್ಸನ್ 1946ರಲ್ಲಿ ವಿವರವಾಗಿ ವರ್ಣಿಸಿದನು. ಅರಿವಳಿಕೆಯಿಲ್ಲದ ಕಾಲದ ಸುಶ್ರುತನು, ಬಹುಪಾಲು ಶಸ್ತ್ರಕರ್ಮಗಳಿಗೆ ಮುಂಚೆ ರೋಗಿಗೆ ಉಣಬಡಿಸಬೇಕೆಂದೂ ಹೊಟ್ಟೆ, ಮೂಲವ್ಯಾಧಿ, ಮೂತ್ರಾಶಯದ ಕಲ್ಲು, ಬಾಯಿ ಮುಂತಾದ ಕೆಲವಕ್ಕೆ ಮಾತ್ರ ಬರಿಹೊಟ್ಟೆ ಇರಬೇಕೆಂದೂ ವಿಧಿಸಿರುವುದನ್ನು ವಿದ್ಯಾರ್ಥಿಗಳು ಗಮನಿಸಬಹುದು. ಇಂದಿನ ಸಾಮಾನ್ಯ ನಿಯಮವೆಂದರೆ, ಗಟ್ಟಿ ಆಹಾರವನ್ನೂ ಹಾಲನ್ನೂ ಆರು ಗಂಟೆ ಮುಂಚೆ ನಿಲ್ಲಿಸಬೇಕು, ಎಣ್ಣೆಯ ತಿನಿಸನ್ನು ಇನ್ನೂ ಮುಂಚೆ. ತಿಳಿನೀರನ್ನು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ಹಾಲು ಹಾಕಿದ ಚಹ ತಿಳಿನೀರಲ್ಲ. ಆಯಾ ಆಸ್ಪತ್ರೆಯವರು ಹೇಳಿದ ಹೊತ್ತೇ ಪ್ರಮಾಣ.

ಶಸ್ತ್ರಕ್ರಿಯೆ ಮುಗಿದ ಮೇಲೆ ಶರೀರದ ಅರ್ಥವ್ಯವಸ್ಥೆಯೇ ಬೇರೆಯಾಗುತ್ತದೆ. ನಮ್ಮ ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜನ್ ಸುಮಾರು 100 ಗ್ರಾಮ್. ಒಂದು ದಿನದ ಉಪವಾಸಕ್ಕೆ ಅದು ಮುಗಿಯುತ್ತ ಬರುತ್ತದೆ. ಮೆದುಳಿಗೋ ದಿನಕ್ಕೆ 120 ಗ್ರಾಮಿನಷ್ಟು ಗ್ಲೂಕೋಸು ಬೇಕು. ಕೊಬ್ಬಿನ ಬಹುಭಾಗ ಗ್ಲೂಕೋಸಾಗಿ ಮಾರ್ಪಡಲಾರದು. ಆದುದರಿಂದ ಶರೀರ ಸ್ನಾಯುವಿನ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಮುರಿದು ಸಕ್ಕರೆ ಮಾಡಿಕೊಳ್ಳುತ್ತದೆ. ಆರೋಗ್ಯವಂತನು ಹಲವು ದಿನ ಉಪವಾಸವಿದ್ದರೆ ಮೆದುಳು ಕೊಬ್ಬಿನಿಂದ ಬರುವ ಕೀಟೋನುಗಳಿಗೆ ಒಗ್ಗಿಕೊಂಡು ಸ್ನಾಯುವಿನ ನಷ್ಟ ತಗ್ಗುತ್ತದೆ. ಗಾಯಗೊಂಡವನಲ್ಲಿ ಈ ಮಿತವ್ಯಯ ಸರಿಯಾಗಿ ನಡೆಯುವುದಿಲ್ಲ. 1930ರ ಸುಮಾರಿಗೆ ಗ್ಲಾಸ್ಗೊ ನಗರದಲ್ಲಿ ಡೇವಿಡ್ ಕತ್ಬರ್ಟ್‌ಸನ್ ಎಂಬಾತನು ಕಾಲಿನ ಮೂಳೆ ಮುರಿದವರ ಮೂತ್ರವನ್ನು ಪರೀಕ್ಷಿಸಿದಾಗ, ಪೆಟ್ಟಾದ ಭಾಗದಿಂದಷ್ಟೇ ಬರಲಾರದಷ್ಟು ಸಾರಜನಕ ಅದರಲ್ಲಿ ಹೋಗುತ್ತಿದ್ದುದು ಕಂಡುಬಂತು. ಇಡೀ ಶರೀರದ ಸ್ನಾಯುವೇ ತೆರಿಗೆ ಕೊಡುತ್ತಿತ್ತು. ಒಂದು ಗ್ರಾಮ್ ಸಾರಜನಕವೆಂದರೆ 6.25 ಗ್ರಾಮ್ ಸಸಾರಜನಕ, ಅಂದರೆ ಸುಮಾರು 30 ಗ್ರಾಮ್ ಸ್ನಾಯು. ದಿನಕ್ಕೆ ಹತ್ತು ಗ್ರಾಮ್ ಸಾರಜನಕ ಸೋರಿದರೆ 300 ಗ್ರಾಮ್ ಸ್ನಾಯು ಹೋದಂತೆ! ತಕ್ಕಡಿಯಲ್ಲಿ ಇದೂ “ತೂಕ ಇಳಿದ” ಹಾಗೆಯೇ ಕಾಣುತ್ತದೆ.

1936ರಲ್ಲಿ ಅಮೆರಿಕದ ಸ್ಟಡ್ಲಿ ಎಂಬ ಶಸ್ತ್ರವೈದ್ಯನು ಜಠರವ್ರಣದ ರೋಗಿಗಳ ಲೆಕ್ಕವನ್ನು ಪ್ರಕಟಿಸಿದನು. ಶಸ್ತ್ರಕ್ರಿಯೆಗೆ ಮೊದಲೇ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂವರಿಗೊಬ್ಬರು ಮಡಿದರು. ಉಳಿದವರಲ್ಲಿ ನೂರಕ್ಕೆ 3.5 ಮಂದಿ ಮಾತ್ರ. ಅವರು ರೋಗದಿಂದ ಬಡವಾದವರು, ಬೇಕೆಂದು ಇಳಿಸಿಕೊಂಡವರಲ್ಲ ಎಂಬ ಭೇದವನ್ನು ಮರೆಯಬಾರದು. ಆದರೂ ಸ್ನಾಯುವನ್ನು ತೆತ್ತು ಇಳಿಸಿದ ತೂಕ ಲಾಭವಲ್ಲವೆಂಬುದಕ್ಕೆ ಅದು ಸಾಕ್ಷಿ.

ಹಾಗಾದರೆ ಗಂಜಿಯ ಪಥ್ಯದ ಬೆಲೆಯೇನು? ಹೊತ್ತಿಗೆ 40 ಗ್ರಾಮಿನಂತೆ ಮೂರು ಹೊತ್ತು ಅಕ್ಕಿನುಚ್ಚಿನ ಗಂಜಿ ಕುಡಿದವರಿಗೆ ದೊರೆಯುವ ಸಸಾರಜನಕ ಸುಮಾರು ಒಂಬತ್ತು ಗ್ರಾಮ್. ಬೇಕಾದುದೋ ತೂಕದ ಪ್ರತಿ ಕಿಲೊಗ್ರಾಮಿಗೆ 1.2ರಿಂದ 1.5 ಗ್ರಾಮ್, 60 ಕಿಲೊಗ್ರಾಮ್ ತೂಗುವವರಿಗೆ ಕನಿಷ್ಠ 72. ವೈದ್ಯರು ಉಣ್ಣಲು ಅಪ್ಪಣೆ ಕೊಟ್ಟ ಮೇಲೆ ಇದನ್ನು ತುಂಬಿಕೊಳ್ಳುವುದು ಹಿರೇಕೆರೂರಿನ ಅಡುಗೆಮನೆಗೆ ಕಷ್ಟವಲ್ಲ. 200 ಗ್ರಾಮ್ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 20 ಗ್ರಾಮ್, 60 ಗ್ರಾಮ್ ಹೆಸರುಬೇಳೆಯಲ್ಲಿ 14, ಅರ್ಧ ಲೀಟರ್ ಹಾಲು ಅಥವಾ ಅದರ ಮೊಸರಿನಲ್ಲಿ 16, ಒಂದು ಹಿಡಿ ಶೇಂಗಾದಲ್ಲಿ 7, ತಿನ್ನುವವರಾದರೆ ಎರಡು ಮೊಟ್ಟೆಗಳಲ್ಲಿ 12—ಕೂಡಿಸಿದರೆ 69. ಮೊಟ್ಟೆ ಒಲ್ಲದವರು ಬೇಳೆಯನ್ನೂ ಮೊಸರನ್ನೂ ಹೆಚ್ಚಿಸಬೇಕು. ಜೋಳದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲದ ಕೊರತೆಯಿದೆ. ಬೇಳೆ ಅದನ್ನು ತುಂಬಿಕೊಡುತ್ತದೆ. ಬೇಳೆ ತಿಂದರೆ ಗಾಯ ಕೀವಾಗುತ್ತದೆಂದು ಕೆಲವು ಮನೆಗಳಲ್ಲಿ ನಂಬುತ್ತಾರೆ. ಕೀವು ಬರುವುದು ರೋಗಾಣುಗಳಿಂದ; ಅವುಗಳನ್ನು ಎದುರಿಸುವ ಪ್ರತಿವಸ್ತುಗಳೋ ಸಸಾರಜನಕದಿಂದಲೇ ಆದವು. ಬದನೆಕಾಯಿ ನಂಜೆಂಬ ಮಾತನ್ನು ಹಿರಿಯರ ಸಮಾಧಾನಕ್ಕಾಗಿ ನಡೆಸಿಕೊಟ್ಟರೂ ನಷ್ಟವಿಲ್ಲ; ಬೇಳೆಯ ವಿಷಯದಲ್ಲಿ ಮಾತ್ರ ಸೋಲಬಾರದು. ಮೂತ್ರಪಿಂಡದ ರೋಗವುಳ್ಳವರಿಗೆ ಈ ಲೆಕ್ಕ ಸಲ್ಲದು. ಅವರ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು.

ಸಸಾರಜನಕವಿದ್ದರೂ ಸಾಲದೆಂಬುದನ್ನು ತನ್ನ ಮೈಮೇಲೆಯೇ ತೋರಿಸಿದವನು ಜಾನ್ ಕ್ರಾಂಡನ್. ಬೋಸ್ಟನ್ನಿನ ಈ ತರುಣ ಶಸ್ತ್ರವೈದ್ಯನು 1939ರಲ್ಲಿ ಜೀವಸತ್ತ್ವ ‘ಸಿ’ ಇಲ್ಲದ ಆಹಾರವನ್ನೇ ತಿನ್ನುತ್ತ ಹೋದನು. ಮೂರು ತಿಂಗಳಾದಾಗ ಅವನ ಬೆನ್ನಿನ ಮೇಲೆ ಮಾಡಿದ ಗಾಯ ಎಂದಿನಂತೆ ಮಾಯಿತು. ಆರು ತಿಂಗಳಾದಾಗ ಮಾಡಿದ ಗಾಯವನ್ನು ಹತ್ತು ದಿನಗಳ ಬಳಿಕ ತೆರೆದು ನೋಡಿದರೆ, ಮೇಲಿನ ಚರ್ಮ ಕೂಡಿದ್ದರೂ ಒಳಗೆ ಕೂಡಿಕೆಯೇ ಇಲ್ಲ! ಜೀವಸತ್ತ್ವವನ್ನು ಕೊಟ್ಟ ಮೇಲೆ ಗಾಯ ಮಾಯಿತು. ಗಾಯವನ್ನು ಹೆಣೆಯುವ ಕೊಲ್ಯಾಜನ್ ಎಂಬ ನಾರು ಗಟ್ಟಿಯಾಗಲು ಈ ಜೀವಸತ್ತ್ವ ಬೇಕೇ ಬೇಕು. ಪೇರಲ, ನೆಲ್ಲಿ, ಲಿಂಬೆ, ಹಸಿಯ ಸೊಪ್ಪು—ಇವು ಅದರ ಅಗ್ಗದ ಆಕರಗಳು. ಹುಳಿ ಗಾಯಕ್ಕೆ ಕೆಟ್ಟದ್ದೆಂದು ಲಿಂಬೆಯನ್ನು ದೂರವಿಡುವವರು ಕ್ರಾಂಡನ್ನನ ಬೆನ್ನನ್ನು ನೆನೆಯಬೇಕು.

ತೂಕ ಇಳಿಸುವ ಕೆಲಸವನ್ನು ಮತ್ತೆ ಎಂದು ಹಿಡಿಯಬೇಕು? ಹೊಲಿದ ಚರ್ಮದ ಬಲ ಮೂರು ವಾರಗಳಲ್ಲಿ ಮೊದಲಿನ ಐದನೆಯ ಒಂದು ಪಾಲಿನಷ್ಟು ಮಾತ್ರ. ಮೂರು ತಿಂಗಳಿಗೆ ನೂರಕ್ಕೆ 80ರ ಹತ್ತಿರ ಬರುತ್ತದೆ. ಆದುದರಿಂದ ಮೊದಲ ಆರು ವಾರಗಳ ಮಟ್ಟಿಗಾದರೂ ಕೊರತೆಯ ಊಟ ಬೇಡ. ದಿನವೂ ಸ್ವಲ್ಪ ಸ್ವಲ್ಪ ನಡಿಗೆ ಸಾಕು. ನಡೆಯದ ಸ್ನಾಯು ತಿಂದ ಸಸಾರಜನಕವನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ಬಳಿಕ, ವೈದ್ಯರು ಒಪ್ಪಿದರೆ, ಹಿಂದಿನ 500 ಕೆಲೊರಿಗಳ ಲೆಕ್ಕವನ್ನೇ ಮುಂದುವರಿಸಬಹುದು. ಈ ಆರು ವಾರ ತಕ್ಕಡಿಯನ್ನು ಹೆಚ್ಚು ನಂಬಬಾರದು. ನರದ ಮೂಲಕ ಕೊಟ್ಟ ಲವಣದ್ರಾವಣದಿಂದ ಮೊದಲ ದಿನಗಳಲ್ಲಿ ತೂಕ ಏರಬಹುದು, ಆ ನೀರು ಹೋದಂತೆ ಇಳಿಯಬಹುದು. ಕುರ್ಚಿಯಿಂದ ಕೈಯೂರದೆ ಏಳಲು ಸಾಧ್ಯವಾಗುವುದೇ, ಮೊನ್ನೆಗಿಂತ ಇಂದು ನಾಲ್ಕು ಹೆಜ್ಜೆ ಹೆಚ್ಚು ನಡೆದರೇ ಎಂಬುದನ್ನು ಮನೆಯವರು ಒಂದು ಕಾಗದದಲ್ಲಿ ಬರೆದಿಟ್ಟರೆ, ಮುಂದಿನ ಸಲ ವೈದ್ಯರ ಬಳಿ ಹೋದಾಗ ಅದು ತೂಕದ ಚೀಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.