ಉಕ್ಕಿನ ಸುಂಕ: ನಮ್ಮಂಥವರನ್ನೂ ಕೇಳುತ್ತಾರಾ?

ಪ್ರಶ್ನೆ: ಅಡಿಲೇಡಿನ ಮಾಡ್ಬರಿಯಲ್ಲಿದ್ದೇನೆ. ಗೇಟು, ಶೆಡ್ಡು ಮಾಡುವ ಸಣ್ಣ ವರ್ಕ್‌ಶಾಪ್ ನನ್ನದು. ಅಮೆರಿಕ ಉಕ್ಕು, ಅಲ್ಯೂಮಿನಿಯಂ ಮೇಲೆ ಸುಂಕ ಹಾಕಿದಾಗ ಬೇರೆ ದೇಶಗಳು ಪ್ರತಿಕ್ರಮಕ್ಕೆ ಮೊದಲು ವ್ಯಾಪಾರಸ್ಥರ ಅಭಿಪ್ರಾಯ ಕೇಳುತ್ತವಂತೆ. ನಮ್ಮಂಥವರನ್ನು ಯಾರು ಕೇಳುತ್ತಾರೆ? ಕೇಳಿದರೂ ಏನುಪಯೋಗ?

ಉತ್ತರ: ವರ್ಕ್‌ಶಾಪಿಗೆ ಹುಡುಕಿಕೊಂಡು ಬಂದು ಯಾರೂ ಕೇಳುವುದಿಲ್ಲ. ನೀವೇ ಬರೆದು ಕಳಿಸಬೇಕು. ಬರೆದವರ ಮಾತು ಕಡತಕ್ಕೆ ಸೇರುತ್ತದೆ, ಅಷ್ಟೇ.

ಸರ್ಕಾರಗಳು ಕೇಳುವುದಕ್ಕೆ ಕಾರಣವಿದೆ. ಆಮದು ಸುಂಕ ಕಟ್ಟುವವನು ಪರದೇಶದವನಲ್ಲ, ನಮ್ಮೂರಿನ ಆಮದುದಾರ. ಅವನು ಅದನ್ನು ಗಿರಾಕಿಯ ಬಿಲ್ಲಿಗೆ ಸೇರಿಸುತ್ತಾನೆ. 2018ರಲ್ಲಿ ಅಮೆರಿಕ ಉಕ್ಕಿಗೆ ಶೇ 25, ಅಲ್ಯೂಮಿನಿಯಂಗೆ ಶೇ 10 ಸುಂಕ ಹಾಕಿತು. ಭಾರತ 2019ರ ಜೂನ್‌ನಲ್ಲಿ ಉತ್ತರ ಕೊಟ್ಟದ್ದು 28 ಅಮೆರಿಕನ್ ವಸ್ತುಗಳ ಮೇಲೆ. ಅದರಲ್ಲಿ ಬಾದಾಮಿ, ಅಕ್ರೋಟು, ಸೇಬು, ಕಡಲೆ ಎಲ್ಲ ಇದ್ದವು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ! ಜಗಳ ಉಕ್ಕಿನದು, ದುಬಾರಿಯಾದದ್ದು ಬಾದಾಮಿ ಹಾಲು. ಬಾದಾಮಿ, ಸೇಬಿನ ಮೇಲಿನ ಆ ಹೆಚ್ಚುವರಿ ಸುಂಕ ಹೋಗಲು 2023 ಬರಬೇಕಾಯಿತು. ನಿಮ್ಮ ರಾಜ್ಯದ ರಿವರ್‌ಲ್ಯಾಂಡಿನಲ್ಲಿ ಬಾದಾಮಿ ಬೆಳೆಯುವವರಿಗೆ ಮಾತ್ರ ಆ ಸುಂಕ ಒಳ್ಳೆಯ ಸುದ್ದಿಯೇ ಆಗಿದ್ದೀತು.

ಬ್ರಿಟನ್ 2025ರ ಏಪ್ರಿಲ್ 3ರಿಂದ ಮೇ 1ರವರೆಗೆ ಹೀಗೆಯೇ ವ್ಯಾಪಾರಸ್ಥರ ಅಭಿಪ್ರಾಯ ಕೇಳಿತು. ಸುಂಕ ಹಾಕಬಹುದಾದ ಅಮೆರಿಕನ್ ಸರಕುಗಳ ಪಟ್ಟಿಯೇ 417 ಪುಟ. ಅಮೆರಿಕದಿಂದ ಎಷ್ಟು ತರಿಸುತ್ತೀರಿ, ಸುಂಕ ಬಿದ್ದರೆ ಏನಾಗುತ್ತದೆ, ಬೇರೆ ಕಡೆಯಿಂದ ತರಿಸಬಲ್ಲಿರಾ ಎಂಬಂಥ ಪ್ರಶ್ನೆಗಳು.

ಆಸ್ಟ್ರೇಲಿಯಾದಲ್ಲಿ ಅಂಥ ಪಟ್ಟಿ ಬರಲೇ ಇಲ್ಲ. 2018ರಲ್ಲಿ ಟರ್ನ್‌ಬುಲ್ ಸರ್ಕಾರ ವಿನಾಯಿತಿ ಗಿಟ್ಟಿಸಿಕೊಂಡಿತ್ತು. 2025ರ ಮಾರ್ಚ್ 12ರಂದು ಶೇ 25, ಜೂನ್ 4ರಂದು ಶೇ 50 ಬಿದ್ದಾಗ ವಿನಾಯಿತಿ ಸಿಗಲಿಲ್ಲ. ಆದರೂ ಪ್ರಧಾನಿ ಅಲ್ಬನೀಸಿ ಎದುರು ಸುಂಕ ಹಾಕಲು ಒಪ್ಪಲಿಲ್ಲ. ಅದು ನಮ್ಮ ಗ್ರಾಹಕರಿಗೇ ಬೆಲೆಯೇರಿಕೆ ಎಂದರು. ನನಗೆ ಅದು ಸರಿಯೆನಿಸುತ್ತದೆ.

ಹಾಗಾದರೆ ನಿಮಗೇನು ಸಂಬಂಧ? ಅಮೆರಿಕಕ್ಕೆ ಹೋಗಲಾಗದ ಉಕ್ಕು ಬೇರೆ ಬಂದರುಗಳತ್ತ ತಿರುಗುತ್ತದೆ, ಅಗ್ಗವಾಗಿ. ಸ್ಥಳೀಯ ತಯಾರಕರು ಆಗ, ತೀರಾ ಅಗ್ಗದ ಆಮದನ್ನು ತನಿಖೆ ಮಾಡಿ ಹೆಚ್ಚುವರಿ ಸುಂಕಕ್ಕೆ ಶಿಫಾರಸು ಮಾಡುವ ಆ್ಯಂಟಿ ಡಂಪಿಂಗ್ ಕಮಿಷನ್ನಿನ ಮೊರೆ ಹೋಗುತ್ತಾರೆ. ಗೇಟಿಗೆ ಬಳಸುವ ಚೌಕ ಪೈಪು ಸೇರಿದಂತೆ ಟೊಳ್ಳು ಪೈಪುಗಳ ಮೇಲೆ, ಚೀನಾ, ಕೊರಿಯಾ ಮೊದಲಾದ ಕಡೆಯಿಂದ ಬರುವುದಕ್ಕೆ, 2012ರಲ್ಲೇ ಇಂಥ ಸುಂಕ ಬಿದ್ದಿತ್ತು. ನಿಮ್ಮ ಅಹವಾಲು ಹೋಗಬೇಕಾದ ಜಾಗ ಈ ಕಮಿಷನ್ನೇ.

ಅಲ್ಲಿ ತಯಾರಕರ ದನಿ ಜೋರು. ಅವರು ನಾಲ್ಕೈದೇ ಮಂದಿ, ವಕೀಲರಿದ್ದಾರೆ, ಲೆಕ್ಕ ಕೈಯಲ್ಲಿದೆ. ನಿಮ್ಮ ರಾಜ್ಯದ ವಯಾಲಾ ಉಕ್ಕಿನ ಕಾರ್ಖಾನೆ 2025ರ ಫೆಬ್ರವರಿಯಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋದದ್ದನ್ನು ಕಂಡವರು ಅವರ ಅಳಲನ್ನು ಸುಳ್ಳೆನ್ನಲಾರರು. ಆದರೆ ಉಕ್ಕು ಕೊಳ್ಳುವವರು ಸಾವಿರಾರು, ಚದುರಿಹೋದವರು. ಕರ್ನಾಟಕದಲ್ಲೂ ಅದೇ ಕಥೆ: 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆಮದು ಉಕ್ಕಿನ ಹಾಳೆಗಳಿಗೆ 200 ದಿನಗಳ ಮಟ್ಟಿಗೆ ಶೇ 12 ರಕ್ಷಣಾ ಸುಂಕ ಹಾಕಿತು. ತೋರಣಗಲ್ಲಿನಂಥ ಕಡೆ ಉಕ್ಕು ತಯಾರಿಸುವವರಿಗೆ ಅದು ಆಸರೆ, ಪೀಣ್ಯದಲ್ಲಿ ಹಾಳೆ ಕತ್ತರಿಸುವವರಿಗೆ ಖರ್ಚು.

ಬರೆಯುವಾಗ ‘ನಮಗೆ ಕಷ್ಟ’ ಎಂದಷ್ಟೇ ಬರೆದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಯಾವ ಅಳತೆಯ ಪೈಪು, ಟನ್ನಿಗೆ ಎಷ್ಟು ಕೊಟ್ಟಿರಿ, ಅದೇ ಅಳತೆ ಇಲ್ಲಿಯವರಲ್ಲಿ ಸಿಗುತ್ತದೆಯೇ, ಎಷ್ಟು ವಾರ ಕಾಯಬೇಕು, ದರ ನಿಗದಿಯಾಗಿರುವ ಕೆಲಸಗಳು ಎಷ್ಟು ಕೈಯಲ್ಲಿವೆ ಎಂಬುದನ್ನು ಬರೆಯಿರಿ. ಬಿಲ್ಲಿನ ಪ್ರತಿ ಇಡಿ. ವ್ಯಾಪಾರದ ಗುಟ್ಟು ಬಯಲಾದೀತೆಂಬ ಭಯ ಬೇಡ: ಗೋಪ್ಯ ಪ್ರತಿ ಬೇರೆ, ಎಲ್ಲರೂ ಓದಬಹುದಾದ ಪ್ರತಿ ಬೇರೆ ಕೊಡಬಹುದು. ಒಬ್ಬರೇ ಬರೆಯುವುದಕ್ಕಿಂತ ಅಕ್ಕಪಕ್ಕದ ವರ್ಕ್‌ಶಾಪಿನವರೂ ತಮ್ಮ ತಮ್ಮ ಲೆಕ್ಕ ಬರೆದರೆ ತೂಕ ಹೆಚ್ಚು.

ತನಿಖೆ ಶುರುವಾದ ದಿನದಿಂದ ಅಹವಾಲಿಗೆ 37 ದಿನ ಅವಕಾಶ. 110ನೇ ದಿನದ ಹೊತ್ತಿಗೆ ಕಮಿಷನ್ ತನ್ನ ತಾತ್ಕಾಲಿಕ ನಿಲುವನ್ನು ಪ್ರಕಟಿಸಬೇಕು (ಗಡುವು ಮುಂದೆ ಹೋಗುವುದೇ ಹೆಚ್ಚು), ಅದಕ್ಕೆ ಉತ್ತರಿಸಲು ಮತ್ತೆ 20 ದಿನ. ತಡವಾಗಿ ಬಂದ ಪತ್ರವನ್ನು ಪರಿಗಣಿಸಲೇಬೇಕೆಂಬ ಕಟ್ಟುಪಾಡು ಅವರಿಗಿಲ್ಲ. ಆದ್ದರಿಂದ ಕಮಿಷನ್ನಿನ ಪ್ರಕಟಣೆಗಳ ಮೇಲೆ ಒಂದು ಕಣ್ಣಿಡಿ.